ನಲ್ಲಿಯಿಂದ ಶುರುವಾದ ಬೆಂಕಿ

ಹದಿಹರೆಯದವರಿಗಾಗಿ ಒಂದು ಕಾದಂಬರಿ ಬರೆಯಬೇಕೆಂದು ಕೂತು ಎರಡು ವರ್ಷ ಆಯಿತು. ಕತೆ ಸರಳ. ಬೆಟ್ಟದ ಮೇಲೊಂದು ಸಣ್ಣ ಊರು, ಸುತ್ತಲೂ ಕಾಡು, ಹದಿನೈದು ವರ್ಷದ ಒಬ್ಬ ಹುಡುಗಿ, ಅವಳ ತಮ್ಮ. ಮಳೆ ಇಲ್ಲ. ಒಂದು ದಿನ ಕಾಡಿಗೆ ಬೆಂಕಿ ಬೀಳುತ್ತದೆ. ಮೊದಲ ಕರಡು ನಾಲ್ಕೇ ತಿಂಗಳಲ್ಲಿ ಮುಗಿಯಿತು. ಮೊದಲ ಪುಟದಲ್ಲೇ ಬೆಂಕಿ, ಎರಡನೇ ಪುಟದಲ್ಲಿ ಓಟ, ಮೂರನೇ ಅಧ್ಯಾಯದ ಹೊತ್ತಿಗೆ ಬೆಂಕಿ ಹಚ್ಚಿದವನು ಯಾರು ಅಂತ ಹುಡುಕಾಟ. ಬರದ ಬಗ್ಗೆ ಇದ್ದದ್ದು ಒಂದೇ ಒಂದು ಸಾಲು. 'ಮೂರು ವರ್ಷದಿಂದ ಮಳೆ ಬಿದ್ದಿರಲಿಲ್ಲ.' ಅಷ್ಟೆ.

ಅದನ್ನು ಅಕ್ಕನ ಮಗಳಿಗೆ ಓದಲು ಕೊಟ್ಟೆ. ಅವಳಿಗೂ ಹದಿನೈದು. ಇಂಥ ಕಾದಂಬರಿಗಳನ್ನು ಅವಳು ನನಗಿಂತ ಜಾಸ್ತಿ ಓದಿದ್ದಾಳೆ. ನಲವತ್ತು ಪುಟ ಓದಿ ಕರಡನ್ನು ಮಡಚಿಟ್ಟು ಕೇಳಿದಳು, "ಚಿಕ್ಕಮ್ಮಾ, ಬೆಂಕಿ ಹಚ್ಚೋಕೆ ಒಬ್ಬ ಇದ್ದಾನಲ್ವಾ, ಹಾಗಾದ್ರೆ ಇದರಲ್ಲಿ ಬರ ಯಾಕೆ ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಕಿಗೂ ಬರಕ್ಕೂ ನಂಟಿದೆ ಅಂತ ಎಲ್ಲರಿಗೂ ಗೊತ್ತಿರುವ ಹಾಗೆ ನನಗೂ ಗೊತ್ತಿತ್ತು. ಆದರೆ ಆ ನಂಟು ದಿನದಿನಕ್ಕೆ ಹೇಗೆ ಬೆಳೆಯುತ್ತದೆ, ಒಂದು ಮನೆಯೊಳಗೆ ಹೇಗೆ ಕಾಣುತ್ತದೆ ಎಂಬುದು ಗೊತ್ತಿರಲಿಲ್ಲ. ಅಲ್ಲಿಂದ ನನ್ನ ನಿಜವಾದ ಕೆಲಸ ಶುರುವಾಯಿತು. ಈ ಬರಹ ಆ ಕೆಲಸದ ಬಗ್ಗೆ.

ಮೊದಲು ಮಾಡಿದ್ದು ಓದು. ಅಕ್ಕನ ಮಗಳು ಕೈಗಿಟ್ಟ ಮೊದಲ ಪುಸ್ತಕ 2018ರಲ್ಲಿ ಬಂದ 'ಡ್ರೈ'. ನೀಲ್ ಶುಸ್ಟರ್‌ಮನ್ ಮತ್ತು ಅವರ ಮಗ ಜ್ಯಾರಡ್ ಶುಸ್ಟರ್‌ಮನ್ ಸೇರಿ ಬರೆದದ್ದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಬರ, ಪಕ್ಕದ ಅರಿಜೋನಾ ಮತ್ತು ನೆವಾಡಾ ನೀರಿನ ಒಪ್ಪಂದದಿಂದ ಹಿಂದೆ ಸರಿಯುತ್ತವೆ, ಒಂದು ದಿನ ನಲ್ಲಿ ತಿರುಗಿಸಿದರೆ ನೀರು ಬರುವುದಿಲ್ಲ. ಓದಿ ಮುಗಿಸಿದ ಮೇಲೆ ಇದರಲ್ಲಿ ಎಷ್ಟು ನಿಜ ಅಂತ ಹುಡುಕುತ್ತಾ ಹೋದೆ. ನಿಜವಾದ ಕತೆ ಕಾದಂಬರಿಗಿಂತ ನಿಧಾನ, ಆದರೆ ಅಷ್ಟೇ ಭಯ ಹುಟ್ಟಿಸುವಂಥದ್ದು. ಕೊಲರಾಡೊ ನದಿಯ ನೀರನ್ನು ಏಳು ರಾಜ್ಯಗಳ ನಡುವೆ ಹಂಚುವ ಒಪ್ಪಂದ 1922ರಲ್ಲಿ ಆಯಿತು. ಆಗ ಲೆಕ್ಕಕ್ಕೆ ತೆಗೆದುಕೊಂಡಿದ್ದು ಮಳೆ ಜಾಸ್ತಿ ಬಿದ್ದ ವರ್ಷಗಳನ್ನು. ಅಂದರೆ ನದಿಯಲ್ಲಿ ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿಬಿಟ್ಟರು. ನೂರು ವರ್ಷ ಕಳೆದು 2022ರ ಬೇಸಿಗೆಯಲ್ಲಿ ಅದೇ ನದಿಯ ಲೇಕ್ ಮೀಡ್ ಜಲಾಶಯ ಸುಮಾರು ಕಾಲು ಭಾಗಕ್ಕೆ ಇಳಿಯಿತು. 1930ರ ದಶಕದಲ್ಲಿ ಮೊದಲ ಸಲ ತುಂಬಿಸಿದ ಮೇಲೆ ನೀರು ಅಷ್ಟು ಕೆಳಗೆ ಹೋದದ್ದೇ ಇಲ್ಲ. ಮುಳುಗಿದ್ದ ಹಳೆಯ ದೋಣಿಗಳು ಮಣ್ಣಿನಲ್ಲಿ ಮೂತಿ ಎತ್ತಿ ನಿಂತವು.

ಒಂದು ವಿಷಯದಲ್ಲಿ ಕಾದಂಬರಿ ಮತ್ತು ನಿಜ ಎದುರುಬದುರು. ಪುಸ್ತಕದಲ್ಲಿ ನೀರು ತಪ್ಪುವುದು ಕ್ಯಾಲಿಫೋರ್ನಿಯಾಕ್ಕೆ. ಕಾನೂನಿನ ಪ್ರಕಾರ ಕ್ಯಾಲಿಫೋರ್ನಿಯಾದ ಹಕ್ಕು ಮುಂದಿದೆ. 2022ಕ್ಕೆ ಮೊದಲ ಕಡಿತ ಬಂದಾಗ ಅರಿಜೋನಾ ತನ್ನ ಪಾಲಿನಲ್ಲಿ ನೂರಕ್ಕೆ 18ರಷ್ಟು ಕಳೆದುಕೊಂಡಿತು, ನೆವಾಡಾ 7ರಷ್ಟು, ಕ್ಯಾಲಿಫೋರ್ನಿಯಾ ಏನೂ ಕಳೆದುಕೊಳ್ಳಲಿಲ್ಲ. ಇದು ಲೇಖಕರ ತಪ್ಪು ಅಂತ ನಾನು ಹೇಳುತ್ತಿಲ್ಲ. ಕತೆಗೆ ಒಂದು ಬೆಳಗ್ಗೆ ಬೇಕು, ಒಂದು ನಲ್ಲಿ ಬೇಕು. ಬರ ಯಾವ ಬೆಳಗ್ಗೆಯೂ ಶುರುವಾಗುವುದಿಲ್ಲ. ಅದೇ ಅದನ್ನು ಬರೆಯುವವರಿಗಿರುವ ದೊಡ್ಡ ಕಷ್ಟ.

ಆ ಕಷ್ಟ ನನಗೂ ಬಂತು. ಬೆಂಕಿಗೆ ದೃಶ್ಯ ಇದೆ, ಬರಕ್ಕೆ ಇಲ್ಲ. ಹುಲ್ಲು ಒಣಗಿತು, ಕೆರೆ ಒಣಗಿತು ಅಂತ ಎಷ್ಟು ಸಲ ಬರೆಯುವುದು?

ದಾರಿ ಸಿಕ್ಕಿದ್ದು ಕೇಪ್ ಟೌನ್ ಬಗ್ಗೆ ಓದುವಾಗ. ಮೂರು ವರ್ಷ ಮಳೆ ಕೈಕೊಟ್ಟ ಮೇಲೆ 2018ರ ಫೆಬ್ರವರಿ 1ರಿಂದ ಅಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದರು. ಅಣೆಕಟ್ಟುಗಳಲ್ಲಿ ನೀರು ನೂರಕ್ಕೆ 13.5ಕ್ಕೆ ಇಳಿದರೆ ಮನೆಗಳ ನಲ್ಲಿ ಬಂದ್. ಆ ದಿನಕ್ಕೆ 'ಡೇ ಜೀರೋ' ಅಂತ ಹೆಸರಿಟ್ಟಿದ್ದರು. ಆಮೇಲೆ ಒಬ್ಬರಿಗೆ 25 ಲೀಟರ್, ಅದೂ ಸುಮಾರು 200 ಜಾಗಗಳಲ್ಲಿ ಸಾಲಿನಲ್ಲಿ ನಿಂತು ತರಬೇಕು. 50 ಅನ್ನುವುದನ್ನು ಓದಿದಾಗ ಅದು ಬರೀ ಸಂಖ್ಯೆ ಅನಿಸಿತು. ಒಂದು ವಾರ ಹಾಗೆ ಬದುಕಿ ನೋಡೋಣ ಅಂದುಕೊಂಡೆ.

ಬೆಳಗ್ಗೆ ಎದ್ದು ಅಳೆದು 50 ಲೀಟರ್ ಹಿಡಿದಿಟ್ಟೆ. ಆಮೇಲೆ ನಲ್ಲಿ ಮುಟ್ಟುವ ಹಾಗಿಲ್ಲ. ಸ್ನಾನಕ್ಕೆ ಒಂದು ಬಕೆಟ್, 15. ಫ್ಲಶ್ ಎರಡು ಸಲ, ಒಂದೊಂದಕ್ಕೆ 9, ಒಟ್ಟು 18. ಪಾತ್ರೆಗೆ 7. ಅಡುಗೆಗೆ 4. ಕುಡಿಯಲು 3. ಉಳಿದದ್ದು 3 ಲೀಟರ್. ಬಟ್ಟೆ, ಕೈ ತೊಳೆಯುವುದು, ನೆಲ ಒರೆಸುವುದು ಎಲ್ಲ ಅದರಲ್ಲೇ. ಮೊದಲ ದಿನ ಉತ್ಸಾಹ ಇತ್ತು. ಎರಡನೇ ದಿನ ಟಬ್‌ನಲ್ಲಿ ನಿಂತು ಸ್ನಾನ ಮಾಡಿ, ಆ ನೀರನ್ನೇ ಹಿಡಿದು ಫ್ಲಶ್‌ಗೆ ಹಾಕುವುದನ್ನು ಕಲಿತೆ. ಮೂರನೇ ದಿನದಿಂದ ನನ್ನೊಳಗೆ ಏನೋ ಬದಲಾಯಿತು. ಕಿವಿ ಚುರುಕಾಯಿತು. ಪಕ್ಕದ ಮನೆಯಲ್ಲಿ ನೀರು ಬಿಟ್ಟರೆ ನನಗೆ ಇಲ್ಲಿ ಕೇಳುತ್ತಿತ್ತು, ಎಷ್ಟು ಹೊತ್ತು ಬಿಟ್ಟರು ಅಂತ ಮನಸ್ಸು ತಾನಾಗಿಯೇ ಎಣಿಸುತ್ತಿತ್ತು, ಯಾವತ್ತೂ ಒಂದು ಕೆಟ್ಟ ಮಾತಾಡದ ಆ ಮನೆಯವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಮನೆಗೆ ಬಂದವರೊಬ್ಬರು ಅರ್ಧ ಲೋಟ ನೀರು ಕುಡಿದು ಹಾಗೇ ಬಿಟ್ಟು ಹೋದರು. ಆ ಅರ್ಧ ಲೋಟವನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ನಿಂತಿದ್ದೆ. ಐದನೇ ದಿನ 25 ಲೀಟರಿಗೆ ಇಳಿಸಿದೆ. ಸಂಜೆ ಹೊತ್ತಿಗೆ ಸೋತೆ. ತಲೆ ತುಂಬಾ ಬರೀ ಲೆಕ್ಕ. ಒಂದು ಪುಟ ಓದಲು ಆಗಲಿಲ್ಲ, ಬರೆಯಲು ಆಗಲಿಲ್ಲ.

ನನ್ನ ಕತೆಯ ಹುಡುಗಿ ಇದೇ ತಲೆ ಹೊತ್ತು ಶಾಲೆಗೆ ಹೋಗಬೇಕು, ಪರೀಕ್ಷೆ ಬರೆಯಬೇಕು, ತಮ್ಮನ ಮುಖ ತೊಳೆಸಬೇಕು. ಅವಳ ಬರ ಬಿರುಕು ಬಿಟ್ಟ ನೆಲದಲ್ಲಿ ಇಲ್ಲ. ಅವಳು ತಮ್ಮನ ಮೇಲೆ ರೇಗುವುದರಲ್ಲಿದೆ, ಅವನು ಹಲ್ಲುಜ್ಜುವಾಗ ನಲ್ಲಿ ಬಿಟ್ಟನಲ್ಲಾ ಅಂತ. ಅವತ್ತು ರಾತ್ರಿಯೇ ಮೊದಲ ಅಧ್ಯಾಯವನ್ನು ಹೊಸದಾಗಿ ಬರೆದೆ. ಅದರಲ್ಲಿ ಬೆಂಕಿ ಇಲ್ಲ. ಒಂದು ಬಕೆಟ್ ಇದೆ.

ಇನ್ನೊಂದು ಪುಸ್ತಕದ ಬಗ್ಗೆ ಹೇಳಲೇಬೇಕು. ಕ್ಯಾರೆನ್ ಹೆಸ್ ಬರೆದ 'ಔಟ್ ಆಫ್ ದ ಡಸ್ಟ್', 1997ರದ್ದು. ಮರುವರ್ಷ ಅದಕ್ಕೆ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಬಂತು. 1930ರ ದಶಕದ ಓಕ್ಲಹೋಮಾ, ಧೂಳು ಬಿರುಗಾಳಿಗಳ ಕಾಲ. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬೆಳೆದರು, ಬರ ಬಂದಾಗ ಮಣ್ಣನ್ನು ಹಿಡಿಯಲು ಬೇರುಗಳೇ ಇರಲಿಲ್ಲ, ಮಣ್ಣು ಗಾಳಿಗೆ ಎದ್ದು ಹೋಯಿತು. ಕತೆಯ ಹುಡುಗಿಯ ಮನೆಯಲ್ಲಿ ಊಟಕ್ಕೆ ತಟ್ಟೆಗಳನ್ನು ಬೋರಲು ಹಾಕಿಡುತ್ತಾರೆ. ಬಡಿಸುವ ಕ್ಷಣದಲ್ಲಷ್ಟೇ ಮಗುಚುತ್ತಾರೆ, ಇಲ್ಲದಿದ್ದರೆ ಧೂಳು ಕೂರುತ್ತದೆ. ಇದು ಕಲ್ಪನೆ ಅಲ್ಲ, ಅಲ್ಲಿನ ಜನ ನಿಜವಾಗಿಯೂ ಹಾಗೆ ಮಾಡುತ್ತಿದ್ದರು. ಬೋರಲು ಹಾಕಿದ ಒಂದು ತಟ್ಟೆಯಲ್ಲಿ ಅಷ್ಟೂ ವರ್ಷಗಳ ಬರ ಇದೆ. ಅದೇ ಮನೆಯಲ್ಲಿ ಒಂದು ದಿನ ಅಮ್ಮ ನೀರೆಂದು ತಿಳಿದು ಎತ್ತಿಕೊಂಡ ಬಕೆಟ್ಟಿನಲ್ಲಿ ಸೀಮೆಎಣ್ಣೆ ಇರುತ್ತದೆ. ಪಕ್ಕದಲ್ಲೇ ಉರಿಯುವ ಒಲೆ. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟೆ, ಎರಡು ದಿನ ಮತ್ತೆ ತೆರೆಯಲಿಲ್ಲ.

ಬರದ ಭಾಗ ಒಂದು ಹದಕ್ಕೆ ಬಂದಮೇಲೆ ಬೆಂಕಿಗೆ ಬಂದೆ. ಇಲ್ಲಿ ನನ್ನ ಕರಡಿನಲ್ಲಿದ್ದ ತಪ್ಪುಗಳು ಜಾಸ್ತಿ.

ಮೊದಲನೆಯದು ಬೆಂಕಿ ಹಚ್ಚಿದ ಆ ಕೆಟ್ಟ ಮನುಷ್ಯ. ಅಮೆರಿಕದಲ್ಲಿ ಕಾಡಿನ ಬೆಂಕಿಗಳಲ್ಲಿ ನೂರಕ್ಕೆ ಸುಮಾರು 85 ಮನುಷ್ಯರಿಂದ ಶುರುವಾಗುತ್ತವೆ, ಅದು ನಿಜ. ಆದರೆ ಹೆಚ್ಚಿನವು ಬೇಕೆಂದು ಹಚ್ಚಿದವಲ್ಲ. ಆರಿಸದೆ ಬಿಟ್ಟ ಒಲೆ, ಕಸ ಸುಡಲು ಹಾಕಿದ ಬೆಂಕಿ, ಯಂತ್ರದ ಕಿಡಿ, ವಿದ್ಯುತ್ ತಂತಿ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರನ್ನು ಸುಟ್ಟ ಬೆಂಕಿ ಶುರುವಾದದ್ದು ಒಂದು ಕೊಕ್ಕೆಯಿಂದ. ಸುಮಾರು ನೂರು ವರ್ಷ ಹಳೆಯ ವಿದ್ಯುತ್ ಗೋಪುರದಲ್ಲಿ ತಂತಿಯನ್ನು ಹಿಡಿದಿದ್ದ ಕಬ್ಬಿಣದ ಕೊಕ್ಕೆ ಸವೆದು ಸವೆದು ಗಾಳಿಗೆ ಮುರಿಯಿತು. 85 ಜನ ಸತ್ತರು. 18,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಆ ಕೊಕ್ಕೆ ಸವೆಯುತ್ತಿದ್ದುದನ್ನು ಯಾರೂ ಹತ್ತಿ ನೋಡಲಿಲ್ಲ. ಆ ವಿದ್ಯುತ್ ಕಂಪನಿ 2020ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಇದನ್ನು ಹದಿನೈದು ವರ್ಷದ ಓದುಗರಿಗೆ ಹೇಗೆ ಹೇಳುವುದು? ಸಿಟ್ಟು ಮಾಡಲು ಒಂದು ಮುಖ ಇಲ್ಲ. ನಾನು ತುಂಬಾ ಒದ್ದಾಡಿದೆ. ಕೊನೆಗೆ ಕೆಟ್ಟ ಮನುಷ್ಯನನ್ನು ತೆಗೆದುಹಾಕಿದೆ, ಅವನ ಜೊತೆ ಅರವತ್ತು ಪುಟ ಹೋಯಿತು. ಅವನ ಜಾಗದಲ್ಲಿ ರಸ್ತೆ ಬದಿಯ ಒಂದು ವಿದ್ಯುತ್ ಕಂಬ ಬಂತು. ಹುಡುಗಿ ದಿನಾ ಅದರ ಕೆಳಗೇ ನಡೆದುಹೋಗುತ್ತಾಳೆ. ಗಾಳಿ ಬಂದಾಗ ಅದು ಕಿರ್ ಅನ್ನುತ್ತದೆ.

ಎರಡನೆಯದು ಬೆಂಕಿಯ ನಡೆ. ನನ್ನ ಕರಡಿನಲ್ಲಿ ಜ್ವಾಲೆಯ ದೊಡ್ಡ ಗೋಡೆಯೊಂದು ಹುಡುಗಿಯ ಹಿಂದೆ ಬರುತ್ತದೆ, ಅವಳು ಗುಡ್ಡ ಹತ್ತಿ ತಪ್ಪಿಸಿಕೊಳ್ಳುತ್ತಾಳೆ. ಹಾಗೆ ಹತ್ತಿದ್ದರೆ ಅವಳು ಬದುಕುತ್ತಿರಲಿಲ್ಲ. ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಬೇಗ ಓಡುತ್ತದೆ, ಏರು 10 ಡಿಗ್ರಿ ಹೆಚ್ಚಿದ ಹಾಗೆಲ್ಲ ಅದರ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಏಕೆಂದರೆ ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿರುತ್ತದೆ. ಇನ್ನು ಮನೆಗಳು ಸುಡುವುದು ಹೆಚ್ಚಾಗಿ ಆ ಗೋಡೆಯಿಂದಲ್ಲ, ಗಾಳಿಯಲ್ಲಿ ಹಾರಿ ಬರುವ ಕೆಂಡಗಳಿಂದ. ಅವು ಬೆಂಕಿಗಿಂತ ಎಷ್ಟೋ ಮುಂದೆ ಬಂದು ಬೀಳುತ್ತವೆ. ಸೂರಿನ ದೋಣಿಯಲ್ಲಿ ಕೂತ ತರಗೆಲೆ, ಗಾಳಿಗಿಂಡಿ, ಬಾಗಿಲ ಮುಂದಿನ ಕಾಲೊರಸು, ಅಷ್ಟು ಸಾಕು. ಪ್ಯಾರಡೈಸ್‌ನಲ್ಲಿ ಎಷ್ಟೋ ಕಡೆ ಮನೆ ಪೂರ್ತಿ ಬೂದಿ, ಪಕ್ಕದ ಮರ ಇನ್ನೂ ಹಸಿರು. ಆ ಚಿತ್ರಗಳನ್ನು ನೋಡಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ.

ಇಲ್ಲೇ ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಂದು ಕೆಂಡ ಹಸಿ ಎಲೆಯ ಮೇಲೆ ಬಿದ್ದರೆ ಆರುತ್ತದೆ, ಒಣ ಎಲೆಯ ಮೇಲೆ ಬಿದ್ದರೆ ಹತ್ತುತ್ತದೆ. ಮರಕ್ಕೆ ನೀರು ಸಾಲದಿದ್ದರೆ ತೊಗಟೆ ಕೊರೆಯುವ ದುಂಬಿಗಳನ್ನು ಹೊರದಬ್ಬುವಷ್ಟು ಅಂಟು ಅದರಲ್ಲಿ ಊರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ 2016ರವರೆಗಿನ ಬರದಿಂದ 10 ಕೋಟಿಗೂ ಹೆಚ್ಚು ಮರಗಳು ಸತ್ತವು. ನಿಂತಲ್ಲೇ ಸತ್ತವು. ಪ್ಯಾರಡೈಸ್‌ಗೆ ಬೆಂಕಿ ಬಂದ ಆ ನವೆಂಬರಿನಲ್ಲಿ ಅಷ್ಟು ಹೊತ್ತಿಗೆ ಬಂದಿರಬೇಕಿದ್ದ ಮಳೆ ಬಂದಿರಲಿಲ್ಲ. ಕೊಕ್ಕೆ ಯಾವ ವರ್ಷ ಬೇಕಾದರೂ ಮುರಿಯಬಹುದಿತ್ತು. ಅದು ಮುರಿದ ದಿನ ಕೆಳಗೆ ಏನಿತ್ತು ಅನ್ನುವುದನ್ನು ತೀರ್ಮಾನ ಮಾಡಿದ್ದು ಬರ. ಇದನ್ನು ಅವಳಿಗೆ ಫೋನ್ ಮಾಡಿ ಹೇಳಿದೆ. "ಇದನ್ನು ಹೀಗೇ ಬರಿ ಚಿಕ್ಕಮ್ಮಾ" ಅಂದಳು.

ಹಾಗೇ ಬರೆಯಲು ಹೋದರೆ ಅದು ಪಾಠ ಆಗುತ್ತಿತ್ತು. ಬದಲಿಗೆ ಹುಡುಗಿಯ ತಮ್ಮನಿಗೆ ಒಂದು ಆಟ ಕೊಟ್ಟೆ. ಅವನು ಕಾಡಿನ ಅಂಚಿನಲ್ಲಿ ರೆಂಬೆ ಮುರಿಯುತ್ತಾನೆ. ಬಾಗಿದರೆ ಹಸಿ, ಲಟಕ್ಕನೆ ಮುರಿದರೆ ಒಣ. ಮೊದಲ ಅಧ್ಯಾಯದಲ್ಲಿ ಹತ್ತರಲ್ಲಿ ಆರು ಬಾಗುತ್ತವೆ. ಆರನೇ ಅಧ್ಯಾಯದಲ್ಲಿ ಒಂದೂ ಬಾಗುವುದಿಲ್ಲ.

ಮೂರನೆಯದು ದೊಡ್ಡವರು. ಇದರ ಬಗ್ಗೆ ನಾನು ಹೆಚ್ಚು ಯೋಚಿಸಿದ್ದೇನೆ, ಯಾಕೆಂದರೆ ಹದಿಹರೆಯದವರ ಕತೆ ಇಲ್ಲೇ ಬೇರೆಯಾಗುತ್ತದೆ. ಈ ಕಾದಂಬರಿಗಳಲ್ಲಿ ಅಪ್ಪ ಅಮ್ಮ ಬೇಗ ಕಾಣೆಯಾಗುತ್ತಾರೆ, 'ಡ್ರೈ'ನಲ್ಲೂ ಹಾಗೇ. ಮಕ್ಕಳೇ ಎಲ್ಲ ನಿರ್ಧಾರ ಮಾಡುತ್ತಾರೆ. ಓದಲು ಚೆನ್ನ. ಆದರೆ ನಿಜ ಜೀವನದಲ್ಲಿ ಹದಿನೈದು ವರ್ಷದವಳ ಕಷ್ಟ ದೊಡ್ಡವರು ಇಲ್ಲದಿರುವುದಲ್ಲ, ಇರುವುದು. ಅವಳು ಹೊಗೆ ನೋಡಿದ್ದಾಳೆ, ಫೋನಿನಲ್ಲಿ ಸುದ್ದಿ ಓದಿದ್ದಾಳೆ, ಹೊರಡೋಣ ಅನ್ನುತ್ತಾಳೆ. ಕಾರಿನ ಕೀಲಿ ಅವಳ ಕೈಯಲ್ಲಿಲ್ಲ. ಅಪ್ಪ 'ಇನ್ನೂ ಟೈಮಿದೆ' ಅನ್ನುತ್ತಾನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಅನ್ನುವ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ತೋಡುವ ಗುದ್ದಲಿ ಮಾತ್ರ ದೊಡ್ಡವರ ಕೈಯಲ್ಲೇ ಇರುತ್ತದೆ.

ಪ್ಯಾರಡೈಸ್ ಊರಿನವರು ಬೆಂಕಿ ಬಂದರೆ ಹೇಗೆ ಹೊರಡಬೇಕೆಂದು ಮೊದಲೇ ಯೋಜನೆ ಮಾಡಿದ್ದರು. ಊರನ್ನು ಭಾಗ ಭಾಗ ಮಾಡಿ, ಒಂದೊಂದು ಭಾಗವೇ ಹೊರಡಬೇಕು ಅಂತ. ಅವತ್ತು ಬೆಂಕಿ ಎಷ್ಟು ಬೇಗ ಬಂತೆಂದರೆ ಇಡೀ ಊರು ಒಟ್ಟಿಗೆ ರಸ್ತೆಗಿಳಿಯಿತು. ಎಚ್ಚರಿಕೆಯ ಫೋನ್ ಕರೆ ಎಷ್ಟೋ ಜನಕ್ಕೆ ತಲುಪಲೇ ಇಲ್ಲ. ಬೆಳಗಿನ ಹೊತ್ತಿನಲ್ಲೇ ಹೊಗೆಯಿಂದ ರಾತ್ರಿಯಂಥ ಕತ್ತಲೆ. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು. ನನ್ನ ಕರಡಿನಲ್ಲಿ ಒಬ್ಬರೂ ವಯಸ್ಸಾದವರು ಇರಲಿಲ್ಲ. ನೋಡಿ, ಓಡುವ ಕತೆ ಬರೆಯುವಾಗ ಓಡಲಾರದವರು ಲೆಕ್ಕಕ್ಕೇ ಬಂದಿರಲಿಲ್ಲ! ಈಗ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹುಡುಗಿ ಬರದ ದಿನಗಳಲ್ಲಿ ಅವರಿಗೆ ದಿನಾ ಒಂದು ಕೊಡ ನೀರು ಒಯ್ದು ಕೊಡುತ್ತಾಳೆ. ಹಾಗಾಗಿ ಬೆಂಕಿಯ ದಿನ ಅವರ ನೆನಪು ಮೊದಲು ಬರುವುದು ಅವಳಿಗೇ.

ಈ ಪುಸ್ತಕಗಳ ಮೇಲೆ ನನಗೊಂದು ನಿಜವಾದ ತಕರಾರಿದೆ. ನೀರು ನಿಂತ ಕೆಲವೇ ದಿನಕ್ಕೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ ಅಂತ ಹೆಚ್ಚಿನ ಕತೆಗಳು ಹೇಳುತ್ತವೆ. ಪಕ್ಕದ ಮನೆಯ ನೀರಿನ ಸದ್ದಿಗೆ ನನಗೇ ಸಿಟ್ಟು ಬಂದಿತ್ತಲ್ಲ, ಅದಕ್ಕೇ ನಾನೂ ಅದನ್ನು ನಂಬಿದ್ದೆ. ಕೇಪ್ ಟೌನ್‌ನಲ್ಲಿ ಜಗಳ ಆಗಲಿಲ್ಲ ಅಂತಲ್ಲ. ಆದರೆ ಆ ನಗರ ಕೆಲವೇ ವರ್ಷದಲ್ಲಿ ತನ್ನ ನೀರಿನ ಬಳಕೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು, ರೈತರು ತಮ್ಮ ಅಣೆಕಟ್ಟಿನ ನೀರನ್ನು ನಗರಕ್ಕೆ ಬಿಟ್ಟರು, ಆಮೇಲೆ ಮಳೆ ಬಂತು, ಡೇ ಜೀರೋ ಬರಲೇ ಇಲ್ಲ. ಅದೇ ನಗರದ ಗುಡಿಸಲು ಬಡಾವಣೆಗಳಲ್ಲಿ ಜನ ಅದಕ್ಕೂ ಮೊದಲಿನಿಂದ ಒಂದೇ ನಲ್ಲಿಗೆ ಸಾಲು ನಿಲ್ಲುತ್ತಿದ್ದರು. ಇಡೀ ಜಗತ್ತು ಹೆದರಿಕೊಂಡು ನೋಡಿದ ಆ ಸಾಲು ಅವರಿಗೆ ಪ್ರತಿದಿನದ್ದು. ಯಾರ ನಲ್ಲಿ ನಿಂತರೆ ಅದು ಕತೆಯಾಗುತ್ತದೆ, ಯಾರದ್ದು ನಿಂತರೆ ಆಗುವುದಿಲ್ಲ ಎಂಬ ಪ್ರಶ್ನೆಯನ್ನು ಈ ಪುಸ್ತಕಗಳು ಕೇಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಪ್ಯಾರಡೈಸ್‌ನಲ್ಲಿ ಒಬ್ಬ ಶಾಲಾ ಬಸ್ಸಿನ ಚಾಲಕ ಅವತ್ತು 22 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಹತ್ತಿಸಿಕೊಂಡು ಹೊರಟರು. ಐದು ಗಂಟೆಯ ದಾರಿ. ಬಸ್ಸಿನೊಳಗೆ ಹೊಗೆ ತುಂಬಿತು. ಅವರು ತಮ್ಮ ಅಂಗಿ ಬಿಚ್ಚಿ ಕೊಟ್ಟರು, ಅದನ್ನು ತುಂಡು ತುಂಡು ಹರಿದು, ಇದ್ದ ಒಂದೇ ಬಾಟಲಿ ನೀರಿನಲ್ಲಿ ಒದ್ದೆ ಮಾಡಿ, ಮಕ್ಕಳ ಮೂಗಿಗೆ ಹಿಡಿಸಿದರು. ಎಲ್ಲರೂ ಬದುಕಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತೆರಡು ಮಕ್ಕಳಿಗೆ ಒಂದು ಬಾಟಲಿ. ನಾನು ಆ ಘಟನೆಯನ್ನು ನನ್ನ ಕತೆಯಲ್ಲಿ ಬಳಸಲಿಲ್ಲ, ಅದು ಅವರದ್ದು. ಆದರೆ ನನ್ನ ಕತೆಯ ಜನ ಅದರ ನಂತರ ಬದಲಾದರು. ಮೊದಲು ಅವರು ಕಿತ್ತುಕೊಳ್ಳುತ್ತಿದ್ದರು. ಈಗ ಹೆದರುತ್ತಾರೆ, ಬೈಯುತ್ತಾರೆ, ಆಮೇಲೆ ಬಾಗಿಲು ತೆಗೆಯುತ್ತಾರೆ.

ಎರಡನೇ ಕರಡು ಮುಗಿದ ಮೇಲೆ ಅಕ್ಕನ ಮಗಳು ಪೂರ್ತಿ ಓದಿದಳು. ಈ ಸಲ ಮಡಚಿಡಲಿಲ್ಲ. ಕೊನೆಯ ಪುಟದಲ್ಲಿ ಬೆಂಕಿ ಆರುತ್ತದೆ, ಮಳೆಯ ಮೊದಲ ಹನಿ ಬೀಳುತ್ತದೆ, ಹುಡುಗಿ ಮುಖ ಎತ್ತುತ್ತಾಳೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: 'ಮಾರನೇ ದಿನ?'

ಮತ್ತೆ ಓದಲು ಕೂತೆ. ಪ್ಯಾರಡೈಸ್‌ನಲ್ಲಿ ಬೆಂಕಿ ಆರಿದ ಮೇಲೆ ಮನೆ ಉಳಿದವರು ವಾಪಸ್ ಬಂದು ನಲ್ಲಿ ತಿರುಗಿಸಿದರು. ನೀರು ಬಂತು. ಆದರೆ ಬೆಂಕಿಯಲ್ಲಿ ನೀರಿನ ವ್ಯವಸ್ಥೆಯೇ ಕೆಟ್ಟಿತ್ತು. ಆ ನೀರಿನಲ್ಲಿ ಬೆಂಜೀನ್ ಎಂಬ ವಿಷ ಸೇರಿಕೊಂಡಿತ್ತು. ಕುಡಿಯಬೇಡಿ ಅಂದರು. ಕಾಯಿಸಿ ಕುಡಿದರೂ ಆಗುವುದಿಲ್ಲ. ತಿಂಗಳುಗಟ್ಟಲೆ ಬಾಟಲಿ ನೀರೇ ಗತಿ.

ಮಳೆಯ ಹನಿಯನ್ನು ತೆಗೆದೆ. ಈಗ ಕೊನೆಯ ಅಧ್ಯಾಯದಲ್ಲಿ ಹುಡುಗಿ ಮತ್ತು ಅವಳ ತಮ್ಮ ಮನೆಗೆ ಬರುತ್ತಾರೆ. ಅಡುಗೆಮನೆ ಉಳಿದಿದೆ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾರೆ, ನೀರು ಬಳಸಬೇಡಿ ಅಂತ. ತಮ್ಮ ಅದನ್ನು ಓದದೆ ಓಡಿ ಹೋಗಿ ನಲ್ಲಿ ತಿರುಗಿಸುತ್ತಾನೆ. ನೀರು ಜೋರಾಗಿ ಬರುತ್ತದೆ, ವರ್ಷಗಳಿಂದ ಅಷ್ಟು ಜೋರಾಗಿ ಬಂದಿರಲಿಲ್ಲ. ಅವನು ನಗುತ್ತಾನೆ. ಅವಳು ಕಾಗದ ಓದಿದ್ದಾಳೆ, ಅದು ಯಾವುದಕ್ಕೂ ಬಾರದ ನೀರು ಅಂತ ಅವಳಿಗೆ ಗೊತ್ತು. ಆದರೂ ಅವಳ ಕೈ ತಾನಾಗಿಯೇ ಬಕೆಟ್ ಎತ್ತಿ ನಲ್ಲಿಯ ಕೆಳಗೆ ಇಡುತ್ತದೆ.